ಕಟ್ಟಿಗೆಯ ಎಣ್ಣೆಗೆ ಜೋಡು ಲೋಹ

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಅಮದಳ್ಳಿಯನ್ನು ದಾಟುವ ಮೋಟಾರುಗಳೆಲ್ಲ ಪರದೇಶದ ಎಣ್ಣೆಯಿಂದಲೇ ಓಡುತ್ತಿವೆಯೆಂದರೆ ಅತಿಶಯೋಕ್ತಿ ಸ್ವಲ್ಪವೇ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುವದು. ಈ ಕರಾವಳಿಯಲ್ಲಾದರೋ ಗಾಳಿಮರದ ಟೊಂಗೆ, ತೆಂಗಿನ ಕರಟ, ಭತ್ತದ ಉಮಿಗಳಿಗೆ ಕೊರತೆಯಿಲ್ಲ. ಗಾಳಿಮರವು ಭರತಖಂಡದಲ್ಲಿ ಮೊದಲು ಬೇರೂರಿದ್ದೇ 1868ರಲ್ಲಿ, ಕಾರವಾರದ ಉಸುಕಿನಲ್ಲಿ. ಈ ಸೌದೆಯಿಂದ ಮೋಟಾರಿನ ಎಣ್ಣೆಯನ್ನು ತೆಗೆಯಬಹುದೆ ಎಂಬದು ಇಂದಿನ ನಮ್ಮ ವಿಚಾರ.

ತೆಗೆಯಬಹುದು, ಅದು ಹೊಸ ಮಾತೂ ಅಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕೆಲಸಕ್ಕೆ ತೊಡಗಿದ ಮೈಸೂರು ಕಬ್ಬಿಣದ ಕಾರಖಾನೆಯು ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ, ಇದ್ದಿಲನ್ನು ಕುಲುಮೆಗೆ ಕೊಟ್ಟು, ಹೊಗೆಯನ್ನು ತಣಿಸಿ ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಡಾಂಬರುಗಳನ್ನು ಪಡೆಯುತ್ತಿತ್ತು. ಅಲ್ಲಿ ಇದ್ದಿಲು ಮುಖ್ಯ, ದ್ರವ ಉಪಲಾಭ. ಈಗಿನ ರಸಾಯನಜ್ಞರು ಇದನ್ನು ತಿರುವುಮುರುವು ಮಾಡಿರುವರು. ಪುಡಿಮಾಡಿದ ಒಣ ಕಟ್ಟಿಗೆಯನ್ನು ಕ್ಷಣಮಾತ್ರದಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸಿ ಆವಿಯನ್ನು ಕೂಡಲೆ ತಣಿಸಿದರೆ ತೂಕದಲ್ಲಿ ನೂರಕ್ಕೆ 60ರಿಂದ 75ರಷ್ಟು ದ್ರವವೇ ದೊರೆಯುವದು.

ಆದರೆ ಆ ದ್ರವವನ್ನು ಎಣ್ಣೆಯೆಂದು ಕರೆಯುವದು ಬರಿಯ ಸೌಜನ್ಯ. ನೂರಕ್ಕೆ 15ರಿಂದ 30 ಭಾಗ ನೀರು, ಹುಣಸೆಯ ರಸದಷ್ಟು ಹುಳಿ, ಕಬ್ಬಿಣವನ್ನು ತಿನ್ನುವದು, ಇಟ್ಟಷ್ಟೂ ಗಟ್ಟಿಯಾಗುವದು, ಡೀಸೆಲಿನೊಡನೆ ಬೆರೆಯದು, ಅದರ ಅರ್ಧದಷ್ಟೂ ಶಾಖವನ್ನು ಕೊಡದು. ಈ ಎಲ್ಲ ರೋಗಕ್ಕೆ ಮೂಲವು ಅದರಲ್ಲಿ ತುಂಬಿರುವ ಆಮ್ಲಜನಕ. ಹೆಚ್ಚಿನ ಒತ್ತಡದಲ್ಲಿ ಜಲಜನಕವನ್ನು ಹಾಯಿಸಿ ಅದನ್ನು ನೀರಾಗಿ ಹೊರಹಾಕಬೇಕು. ಈ ಕಾರ್ಯವನ್ನು ತ್ವರೆಗೊಳಿಸಿ ತಾನು ಮಾತ್ರ ವೆಚ್ಚವಾಗದ ವಸ್ತುವೇ ವೇಗವರ್ಧಕ.

ಪ್ಲಾಟಿನಂ, ಪೆಲೇಡಿಯಂಗಳು ಚೆನ್ನಾಗಿ ದುಡಿಯುವವು. ಬೆಲೆ ಮಾತ್ರ ಬಂಗಾರದ ಜಾತಿಯದು. ಅಗ್ಗದ ನಿಕಲ್ ಜಲಜನಕವನ್ನು ಸೀಳುವದರಲ್ಲಿ ಗಟ್ಟಿಗ, ಆದರೆ ಒಂಟಿಯಾದರೆ ಅವಿವೇಕಿ: ಇಂಗಾಲದ ಕೊಂಡಿಗಳನ್ನೂ ಕಡಿದು ಒಳ್ಳೆಯ ಎಣ್ಣೆಯನ್ನು ಮೀಥೇನ್ ಅನಿಲವಾಗಿ ಕಳೆಯುವದು. ಅದಕ್ಕೆ ಕಬ್ಬಿಣವನ್ನು ಜೊತೆಗೂಡಿಸಿದರೆ ಕಬ್ಬಿಣವು ಆಮ್ಲಜನಕದ ತುದಿಯನ್ನು ಹಿಡಿಯುವದು, ನಿಕಲ್ ಜಲಜನಕವನ್ನು ಒದಗಿಸುವದು. ತಾಮ್ರವನ್ನು ಕೂಡಿಸಿದರೆ ಲೋಹದ ಮೈಗೆ ಮಸಿ ಕಟ್ಟುವದು ಕಡಿಮೆ. ತೈಲಶುದ್ಧಿಯ ಕಾರಖಾನೆಗಳಲ್ಲಿ ಪಳಗಿದ ಕೋಬಾಲ್ಟ್-ಮಾಲಿಬ್ಡಿನಂ ಜೋಡಿಯೂ ಉಂಟು; ಅದು ಚುರುಕಾಗಿರಲು ಗಂಧಕ ಬೇಕು, ಕಟ್ಟಿಗೆಯ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ.

ಬೆಂಗಳೂರಿನಲ್ಲಿ ಶೆಲ್ ಕಂಪನಿಯು ಜಲಜನಕ ಹಾಗೂ ವೇಗವರ್ಧಕಗಳಿಂದ ದಿನಕ್ಕೆ 5 ಟನ್ ಕಸಕಡ್ಡಿಯನ್ನು ಇಂಧನ ಮಾಡುವ ಪ್ರಾತ್ಯಕ್ಷಿಕೆಯ ಯಂತ್ರಾಗಾರವನ್ನು ಕಟ್ಟಿತು. ವಿದ್ಯೆ ಅಮೇರಿಕೆಯದು, ಹಣ ವಿಲಾಯತಿಯದು, ಕಸ ಮಾತ್ರ ನಮ್ಮದು! ಮಂಗಳೂರಿನ ಎಂ.ಆರ್.ಪಿ.ಎಲ್. ಶುದ್ಧೀಕರಣ ಕಾರಖಾನೆಯು ಇದೇ ಕರಾವಳಿಯಲ್ಲಿದೆ. ಒತ್ತಡದ ಪಾತ್ರೆಗಳೂ ಜಲಜನಕವೂ ಅಲ್ಲಿ ನಿತ್ಯದ ಬಳಕೆಯವು. ನಿಕಲನ್ನು ನಾವು ಹೊರಗಿನಿಂದ ತರಬೇಕು ನಿಜ, ಕಬ್ಬಿಣಕ್ಕೆ ಬಳ್ಳಾರಿಯೇ ಇದೆ. ಈ ಕಾರಖಾನೆಯೂ ನಮ್ಮ ವಿಶ್ವವಿದ್ಯಾಲಯಗಳೂ ಕೂಡಿ ಗಾಳಿಮರವನ್ನೇ ಪರೀಕ್ಷಿಸಬೇಕೆಂಬದು ನಮ್ಮ ಸ್ಪಷ್ಟವಾದ ಬೇಡಿಕೆ. ಅಮೇರಿಕೆಯ ಪೈನ್ ಮರದ ಲೆಕ್ಕ ಇಲ್ಲಿಗೆ ಸಾಲದು. ಬೂದಿಯಲ್ಲಿಯ ಸೋಡಿಯಂ, ಪೊಟ್ಯಾಸಿಯಂಗಳು ಎಣ್ಣೆಯ ಪ್ರಮಾಣವನ್ನು ತಗ್ಗಿಸುವವು, ವೇಗವರ್ಧಕಕ್ಕೆ ವಿಷವಾಗುವವು. ಕಡಲ ಗಾಳಿಯನ್ನುಂಡು ಬೆಳೆದ ಮರದಲ್ಲಿ ಉಪ್ಪೆಷ್ಟು ಎಂಬದನ್ನು ಇಲ್ಲಿಯೇ ಅಳೆಯಬೇಕು.

ಅರಣ್ಯ ಇಲಾಖೆಯ ಅಧಿಕಾರಿಗಳಿಗೂ ಒಂದು ಮಾತು. ಗಾಳಿಮರದ ಬುಡದಲ್ಲಿ ದರಕು ಗುಡಿಸಿ, ಒಣಕಡ್ಡಿ ಆಯ್ದು ಒಲೆ ಹೊತ್ತಿಸುವ ಬಡ ಹೆಂಗಸರಿಗೆ ಅದು ತ್ಯಾಜ್ಯವಲ್ಲ. ಆ ಹೆಸರಿನಲ್ಲಿ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವ ಮುಂಚೆ, ಊರಿನ ಒಲೆಗಳಿಗೆ ವರುಷಕ್ಕೆ ಬೇಕಾಗುವ ಸೌದೆಯನ್ನು ಎಣಿಸಿ ಬದಿಗಿಡಲಿ. ಮಿಕ್ಕುದನ್ನು ಕೊಂಡವರು ತೂಕಕ್ಕೆ ತಕ್ಕ ರೊಕ್ಕವನ್ನು ಆಯಾ ಗ್ರಾಮ ಪಂಚಾಯತಿಗೇ ಸಲ್ಲಿಸಲಿ.