ಗಡಿಯಲ್ಲಿ ಅಪ್ಪ, ಬೆಂಚಿನ ಮೇಲೆ ಮಗು: ವಿಚಾರಿಸುವವರು ಯಾರು?

ವರ್ಷಕ್ಕೊಮ್ಮೆ ಸರಕಾರಿ ಶಾಲೆಯ ಅಂಗಳಕ್ಕೆ ಆರೋಗ್ಯ ಇಲಾಖೆಯ ಗಾಡಿ ಬರುತ್ತದೆ. ಡಾಕ್ಟರು ಮಕ್ಕಳ ಹಲ್ಲು ನೋಡುತ್ತಾರೆ, ಕಣ್ಣು ನೋಡುತ್ತಾರೆ, ತೂಕ ಹಾಕುತ್ತಾರೆ, ರಕ್ತ ಕಮ್ಮಿ ಇದ್ದವರಿಗೆ ಕಬ್ಬಿಣದ ಗುಳಿಗೆ ಕೊಡುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾದ ತಾಯಂದಿರಿಗೆ ಇದೇನೂ ಹೊಸತಲ್ಲ. ಆದರೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, “ರಾತ್ರಿ ನಿದ್ದೆ ಬರ್ತದಾ? ಹೆದರಿಕೆ ಏನಾದ್ರೂ ಉಂಟಾ? ಆಡಲಿಕ್ಕೆ ಜೊತೆ ಯಾರು?” ಎಂದು ವಿಚಾರಿಸುವವರು ಯಾರು? ದೇಹಕ್ಕೆ ತಪಾಸಣೆ ಉಂಟು, ಮನಸ್ಸಿಗೆ ಯಾಕೆ ಬೇಡ?

ಈ ಪ್ರಶ್ನೆ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ, ನಿಜ. ಆದರೂ ಎಲ್ಲರಿಗಿಂತ ಮೊದಲು ಯೋಚಿಸಬೇಕಾದದ್ದು ಸೇನೆಯಲ್ಲಿರುವವರ ಮಕ್ಕಳ ಬಗ್ಗೆ. ಅಪ್ಪ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂಬುದು ಮನೆಯವರಿಗೇ ಸರಿಯಾಗಿ ಗೊತ್ತಿರದ ಮಕ್ಕಳು ಅವರು.

ಅರ್ಗಾದ ಗೇಟಿನ ಒಳಗೆ

ಕಾರವಾರ ಸಮೀಪದ ಅರ್ಗಾದಲ್ಲಿ ಸೀಬರ್ಡ್ ಯೋಜನೆಗೆ ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲು ಇಟ್ಟದ್ದು 1986ರ ಅಕ್ಟೋಬರಿನಲ್ಲಿ. ಐ.ಎನ್.ಎಸ್. ಕದಂಬ ನೌಕಾನೆಲೆ 2005ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ನೆಲೆ ಬಂದ ಮೇಲೆ ದೇಶದ ನಾನಾ ಮೂಲೆಗಳಿಂದ ನಾವಿಕರ ಸಂಸಾರಗಳು ಬಂದವು. ಅವರ ಮಕ್ಕಳಿಗೆಂದೇ ನೇವಿ ಚಿಲ್ಡ್ರನ್ ಸ್ಕೂಲ್ ಇದೆ. ಭೂಸೇನೆಯವರ ಮಕ್ಕಳಿಗೆ ಇದೇ ರೀತಿ ಆರ್ಮಿ ಪಬ್ಲಿಕ್ ಶಾಲೆಗಳಿವೆ. ಅವುಗಳನ್ನು ನಡೆಸುವ ಸೇನಾ ಕಲ್ಯಾಣ ಶಿಕ್ಷಣ ಸಂಘ ಹುಟ್ಟಿದ್ದು 1983ರಲ್ಲಿ. ವಿಜಯಪುರದ ಮತ್ತು ಕೊಡಗಿನ ಸೈನಿಕ ಶಾಲೆಗಳ ಮಾತು ಬೇರೆ. ಅವು ವಸತಿ ಶಾಲೆಗಳು, ಪ್ರವೇಶ ಪರೀಕ್ಷೆ ಬರೆದು ಯಾರ ಮಕ್ಕಳಾದರೂ ಸೇರಬಹುದು.

ಸೇನಾ ಕುಟುಂಬಗಳ ಶಾಲೆಯಲ್ಲಿ ಒಂದು ಅನುಕೂಲ ಉಂಟು. “ಅಪ್ಪನ ಹಡಗು ಹೊರಟಿತು” ಎಂದರೆ ಏನರ್ಥ ಎಂದು ಅಲ್ಲಿನ ಶಿಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಬೆಂಚಿನ ಹುಡುಗನ ಅಪ್ಪನೂ ಅದೇ ಹಡಗಿನಲ್ಲಿ ಇರಬಹುದು. ಆದರೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ, ಹೊಸ ಊರು, ಹೊಸ ಭಾಷೆ, ಹೊಸ ಸ್ನೇಹಿತರು. ಒಗ್ಗಿಕೊಳ್ಳುವಷ್ಟರಲ್ಲಿ ಮತ್ತೆ ಪೆಟ್ಟಿಗೆ ಕಟ್ಟಬೇಕು. ಈ ಕಷ್ಟವನ್ನು ಅರಿತೇ ಕೆಲವು ಏರ್ಪಾಡುಗಳಾಗಿವೆ. ಸಿ.ಬಿ.ಎಸ್.ಇ. ನಿಯಮದ ಪ್ರಕಾರ ಅದರ ಶಾಲೆಗಳಲ್ಲಿ ಆಪ್ತಸಲಹೆಗಾರರು ಇರಬೇಕು. ಸೇನೆಯವರಿಗೆ ಮತ್ತು ಅವರ ಕುಟುಂಬದವರಿಗೆಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರಿನಲ್ಲಿ ಟೆಲಿಮಾನಸ್ ದೂರವಾಣಿಯ ಪ್ರತ್ಯೇಕ ಘಟಕ ತೆರೆಯಲಾಯಿತು. ಇಷ್ಟು ಸಾಕೇ ಎಂಬುದು ಬೇರೆ ವಿಚಾರ. ಯಾವ ಬಾಗಿಲು ತಟ್ಟಬೇಕು ಎಂಬುದಾದರೂ ಅಲ್ಲಿ ಗೊತ್ತಿದೆ.

ಗೇಟಿನ ಹೊರಗಿನ ಕಥೆ

ಸೇನೆಯವರ ಮಕ್ಕಳೆಲ್ಲ ಇಂಥ ಶಾಲೆಗಳಲ್ಲಿ ಓದುತ್ತಾರೆಯೇ? ಇಲ್ಲ. ಅಪ್ಪ ಗಡಿಯ ಮುಂಚೂಣಿಯಲ್ಲಿದ್ದರೆ ಹೆಂಡತಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವಂತಿಲ್ಲ. ಅವರು ಊರಲ್ಲೇ ಅಜ್ಜ ಅಜ್ಜಿಯ ಜೊತೆ ಇರುತ್ತಾರೆ. ಮಗು ಕುಮಟಾದ ಹೈಸ್ಕೂಲಿಗೋ ಹೊನ್ನಾವರದ ಕನ್ನಡ ಶಾಲೆಗೋ ಭಟ್ಕಳದ ಇಂಗ್ಲಿಷ್ ಮೀಡಿಯಮ್ಮಿಗೋ ಹೋಗುತ್ತದೆ. ಇಡೀ ತರಗತಿಯಲ್ಲಿ ಮಿಲಿಟರಿಯವರ ಮಗು ಅದೊಂದೇ ಇರಬಹುದು. ಆಗಸ್ಟ್ 15ರಂದು ವೇದಿಕೆಗೆ ಕರೆದು ಒಂದು ಹೂವು ಕೊಡುತ್ತಾರೆ. ಆಗಸ್ಟ್ 16ರಂದು ಅದು ಎಲ್ಲರಂತೆ ಒಂದು ಮಗು.

ಉತ್ತರ ಕನ್ನಡಕ್ಕೆ ಸೈನಿಕರ ಬಗ್ಗೆ ಹೆಮ್ಮೆ ಇದೆ. 1948ರ ಕಾಶ್ಮೀರ ಕಾಳಗದಲ್ಲಿ ಪರಮವೀರ ಚಕ್ರ ಪಡೆದ ರಾಮಾ ರಾಘೋಬಾ ರಾಣೆ ಕಾರವಾರ ಸೀಮೆಯವರು. ಹೆಮ್ಮೆ ಪಡುವುದಕ್ಕೆ ಖರ್ಚಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಆ ಮನೆಗಳಲ್ಲಿ ಏನಾಯಿತು ಎಂದು ಯೋಚಿಸಿ. ಹಗಲು ರಾತ್ರಿ ಟೀವಿಯಲ್ಲಿ ಯುದ್ಧದ್ದೇ ಸುದ್ದಿ. ಅಣಕು ಕವಾಯತಿಗೆ ರಾಜ್ಯದಲ್ಲಿ ಆರಿಸಿದ ಮೂರು ಕಡೆಗಳಲ್ಲಿ ನಮ್ಮ ಕಾರವಾರವೂ ಒಂದು. ದೊಡ್ಡವರಿಗೇ ಎದೆ ಡವಡವ ಎನ್ನುವಾಗ, ಅಪ್ಪನ ಫೋನು ಬಾರದ ಎಂಟು ವರ್ಷದ ಮಗು ಆ ಟೀವಿಯಲ್ಲಿ ಏನು ಕಂಡಿರಬಹುದು? ರಜೆಯ ದಿನಗಳಾದ್ದರಿಂದ ಮಾಸ್ತರೂ ಇಲ್ಲ, ಅಕ್ಕೋರೂ ಇಲ್ಲ.

ಅಂಕಿಸಂಖ್ಯೆ ಏನು ಹೇಳುತ್ತದೆ?

ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಗಂಡ ಅಥವಾ ಹೆಂಡತಿ ಯುದ್ಧಭೂಮಿಗೆ ಹೋಗಿದ್ದ 101 ಸೇನಾ ಸಂಸಾರಗಳಿಗೆ ಪ್ರಶ್ನೆಪಟ್ಟಿ ಕೊಟ್ಟರು. 5ರಿಂದ 12 ವರ್ಷದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಮಗು ಗಮನ ಬೇಕಾದವರ ಪಟ್ಟಿಗೆ ಬಂತು. ಸಣ್ಣ ಅಧ್ಯಯನ, ಬೇರೆ ದೇಶದ್ದು. ಅದನ್ನು ತಂದು ನಮ್ಮೂರಿಗೆ ಅಂಟಿಸುವಂತಿಲ್ಲ. ಆದರೆ ಅದರಲ್ಲಿ ಕಂಡ ಒಂದು ಸಂಗತಿ ಮಾತ್ರ ಎಲ್ಲ ಮನೆಗೂ ಹೊಂದುತ್ತದೆ. ಮಗು ಹೇಗಿದೆ ಎಂಬುದನ್ನು ಹೆಚ್ಚಾಗಿ ಸೂಚಿಸುತ್ತಿದ್ದದ್ದು ಮನೆಯಲ್ಲಿ ಉಳಿದು ಮಕ್ಕಳನ್ನು ಸಾಕುತ್ತಿದ್ದವರ ಒತ್ತಡ. ತಾಯಿ ಹೈರಾಣಾದರೆ ಮಗುವೂ ಹೈರಾಣು. ಹಾಗಾಗಿ ಮಗುವನ್ನು ವಿಚಾರಿಸುವವರು ತಾಯಿಯನ್ನೂ ವಿಚಾರಿಸಬೇಕು.

ನಮ್ಮ ದೇಶದ್ದೇ ಲೆಕ್ಕ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇದೆ. ಅದರ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ. ಈ ಲೆಕ್ಕ ಹಿಡಿದರೆ 300 ಮಕ್ಕಳ ಒಂದು ಹೈಸ್ಕೂಲಿನಲ್ಲಿ 20ಕ್ಕೂ ಹೆಚ್ಚು ಮಕ್ಕಳಾದರು. ಇದು ಸೇನೆಯವರ ಮಕ್ಕಳಷ್ಟೇ ಅಲ್ಲ, ಎಲ್ಲರ ಮಕ್ಕಳ ಲೆಕ್ಕ.

ಸಮುದ್ರಕ್ಕೆ ಹೋದವರ ಮನೆಯೂ ಹಾಗೆಯೇ

ಅಪ್ಪ ದೂರ ಇರುವುದು ನಮ್ಮ ಕರಾವಳಿಗೆ ಹೊಸತಲ್ಲ. ಭಟ್ಕಳದಲ್ಲಿ ಗಲ್ಫಿಗೆ ಹೋದವರ ಮನೆಗಳಿವೆ. ಮೂರೂ ತಾಲೂಕುಗಳಲ್ಲಿ ಬೋಟಿಗೆ ಹೋಗುವವರಿದ್ದಾರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ನೌಕಾಪಡೆಯ ಹಡಗು ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಸಮುದ್ರದ ತಳದಲ್ಲಿ ಅದರ ಅವಶೇಷ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ ಅಪ್ಪ ಇದ್ದಾನೆ ಎನ್ನುವಂತೆಯೂ ಇಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಪರಿಹಾರದ ಮಾತು ಆಯಿತು, ರಸ್ತೆ ತಡೆಯೂ ಆಯಿತು. ಮಕ್ಕಳ ಮನಸ್ಸಿನ ಮಾತು ಎಷ್ಟು ಕೇಳಿಬಂತು?

ಸೇನೆಯವರ ಮಕ್ಕಳಿಗೆಂದು ಒಂದು ಕ್ರಮ ಶುರುವಾದರೆ ಅದೇ ಕ್ರಮ ಇಂಥ ಮಕ್ಕಳಿಗೂ ನೆರಳಾಗುತ್ತದೆ.

ತಪಾಸಣೆ ಎಂದರೆ ಏನು?

ಹೆದರುವಂಥದ್ದು ಏನೂ ಇಲ್ಲ. ಸೂಜಿ ಇಲ್ಲ, ಯಂತ್ರ ಇಲ್ಲ. ಇಂಗ್ಲೆಂಡಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಒಂದು ಪ್ರಶ್ನೆಪಟ್ಟಿ ಬಹಳ ದೇಶಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಇರುವುದು 25 ಸಾಲು. ಮಗು ಸುಮ್ಮಸುಮ್ಮನೆ ಚಿಂತೆ ಮಾಡುತ್ತದೆಯೇ, ಜಗಳ ಹೆಚ್ಚೇ, ಒಂದು ಕಡೆ ಕೂರಲಾರದೇ, ಗೆಳೆಯರು ಇದ್ದಾರೆಯೇ, ಬೇರೆಯವರಿಗೆ ಸಹಾಯ ಮಾಡುತ್ತದೆಯೇ ಎಂದು ಐದು ಭಾಗ. ತಂದೆತಾಯಿ ತುಂಬಬಹುದು, ಶಿಕ್ಷಕರು ತುಂಬಬಹುದು, 11 ದಾಟಿದ ಮಕ್ಕಳಾದರೆ ತಾವೇ ತುಂಬಬಹುದು. ಹತ್ತು ನಿಮಿಷದ ಕೆಲಸ.

ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ತಪಾಸಣೆ ಎಂದರೆ ರೋಗದ ನಿರ್ಣಯ ಅಲ್ಲ. ತಕ್ಕಡಿಗೆ ಹಾಕಿದ ಮಾತ್ರಕ್ಕೆ ವ್ಯಾಪಾರ ಆದಂತಲ್ಲ ಎಂದು ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಅಪ್ಪ ರಜೆ ಮುಗಿಸಿ ಹೊರಟ ವಾರ ಮಗು ಮಂಕಾಗಿದ್ದರೆ ಅದು ಪ್ರೀತಿ, ಕಾಯಿಲೆಯಲ್ಲ. ತಿಂಗಳು ಕಳೆದರೂ ಊಟ ಸೇರದಿದ್ದರೆ, ನಿದ್ದೆ ಇಲ್ಲದಿದ್ದರೆ, ಮೊದಲು ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದರೆ, ಶಾಲೆ ಎಂದರೆ ಹೊಟ್ಟೆನೋವು ಬಂದರೆ ಆಗ ಬಲ್ಲವರಿಗೆ ತೋರಿಸಬೇಕು. “ಹುಡುಗಾಟ, ದೊಡ್ಡವನಾದ ಮೇಲೆ ಸರಿಹೋಗ್ತಾನೆ ಬಿಡಿ” ಎಂದು ಬಿಡುವುದಲ್ಲ. ಸಾಯುವ ಮಾತನ್ನು ಮಗು ಒಂದೇ ಸಲ ಆಡಿದರೂ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ, ಅದೇ ದಿನ ಕರೆದೊಯ್ಯಬೇಕು.

ಇನ್ನೊಂದು, ಗುಟ್ಟು. ಸಣ್ಣ ಊರು, ಆಸ್ಪತ್ರೆಯ ಚೀಟಿ ಬರೆಯುವವರೂ ಪರಿಚಯದವರೇ. “ಗೊತ್ತಾದ್ರೆ ನಾಳೆ ಮದುವೆಗೆ ತೊಂದ್ರೆ” ಎಂಬ ಅಂಜಿಕೆ ಹೆಣ್ಣುಮಕ್ಕಳ ಮನೆಯಲ್ಲಿ ಸಹಜ. ತಾಯಿಯ ಒಪ್ಪಿಗೆ ಇಲ್ಲದೆ ಕೇಳಬಾರದು. ತುಂಬಿದ ಕಾಗದ ಶಾಲೆಯ ಕಚೇರಿಯ ತೆರೆದ ಕಪಾಟಿನಲ್ಲಿ ಬಿದ್ದಿರಬಾರದು.

ಪತ್ತೆ ಮಾಡಿ ಕಳಿಸುವುದು ಎಲ್ಲಿಗೆ?

ಮುಖ್ಯ ತೊಡಕು ಇರುವುದು ಇಲ್ಲಿ. ಪತ್ತೆ ಮಾಡಿ ಕೈಬಿಡುವುದಾದರೆ ಪತ್ತೆ ಮಾಡದಿರುವುದೇ ಲೇಸು. ಭಟ್ಕಳದಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಇಲ್ಲವಾದರೆ ಮಣಿಪಾಲ, ಇಲ್ಲವಾದರೆ ಘಟ್ಟ ಹತ್ತಿ ಧಾರವಾಡದ ಡಿಮ್ಹಾನ್ಸ್. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತದ್ದನ್ನು ಯಾರೂ ಮರೆತಿಲ್ಲ. ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕೆಂಬ ಕೂಗಿಗೆ ಮತ್ತಷ್ಟು ಬಲ ಬಂದದ್ದು ಆಗ. ಆ ಬೇಡಿಕೆಯ ಪಟ್ಟಿಯಲ್ಲಿ ಹೃದಯ, ಮಿದುಳು, ಅಪಘಾತದ ಜೊತೆ ಮಕ್ಕಳ ಮನೋವೈದ್ಯರ ಹೆಸರೂ ಸೇರಬೇಕು.

ಅಲ್ಲಿಯ ತನಕ ಕೈಯಲ್ಲಿರುವುದನ್ನಾದರೂ ಬಳಸಬಹುದಲ್ಲ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗುತ್ತವೆ. ಕಲಿಕೆಯ ತೊಂದರೆ, ನಡವಳಿಕೆಯ ತೊಂದರೆ ಅವರ ಪಟ್ಟಿಯಲ್ಲಿ ಇವೆ. ಹೆದರಿಕೆ, ದುಃಖಗಳ ಪ್ರಶ್ನೆಗಳನ್ನೂ ಅದಕ್ಕೆ ಸೇರಿಸಿದರೆ ಹೊಸ ಗಾಡಿ ಬೇಡ, ಹೊಸ ಡ್ರೈವರು ಬೇಡ. ಅನುದಾನವಿಲ್ಲದ ಖಾಸಗಿ ಶಾಲೆಗಳು ಈ ಯೋಜನೆಯ ಹೊರಗಿವೆ. ಅಲ್ಲಿ ಆಡಳಿತ ಮಂಡಳಿಯವರೇ ಮುಂದೆ ಬರಬೇಕು. 2014ರಲ್ಲಿ ರಾಜ್ಯ ಸರಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಯೋಜನೆ ತಂದಿತು. ತಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಎಷ್ಟು ಮಂದಿಗೆ ಗೊತ್ತು? ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಹಾಕಲು ಎಷ್ಟು ಖರ್ಚಾದೀತು?

2025ರ ಜುಲೈ 25ರಂದು ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಶಿಕ್ಷಣ ಸಂಸ್ಥೆಗಳಿಗೆಲ್ಲ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ತರಬೇತಾದ ಒಬ್ಬ ಸಲಹೆಗಾರರಾದರೂ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಹೊರಗಿನ ತಜ್ಞರೊಡನೆ ಸಂಪರ್ಕದ ಏರ್ಪಾಡು ಇರಬೇಕು. ಮುಂದಿನ ಪಾಲಕರ ಸಭೆಯಲ್ಲಿ ಫೀಸಿನ ಮಾತು, ಯೂನಿಫಾರ್ಮಿನ ಮಾತು ಮುಗಿದ ಮೇಲೆ ಈ ಮಾತನ್ನೂ ಎತ್ತಬಹುದು.

ನೌಕಾಪಡೆಯವರಿಗೂ ಒಂದು ವಿನಂತಿ. 2020ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಭಟ್ಕಳದ ಕೋವಿಡ್ ರೋಗಿಗಳನ್ನು ಕಾರವಾರದ ನೌಕಾ ಆಸ್ಪತ್ರೆ ಪತಂಜಲಿಯಲ್ಲಿ ಸೇರಿಸಿಕೊಂಡು ಉಪಚರಿಸಿದರು. ಊರು ಅದನ್ನು ನೆನೆಯುತ್ತದೆ. ಕಷ್ಟಕಾಲದಲ್ಲಿ ತೆರೆದ ಆ ಗೇಟು ಮಕ್ಕಳಿಗಾಗಿ ತಿಂಗಳಿಗೊಂದು ದಿನ ತೆರೆಯಬಾರದೇ? ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಶಿಕ್ಷಣ ಇಲಾಖೆ, ಆರೋಗ್ಯ ಇಲಾಖೆ ಒಂದು ಮೇಜಿನ ಸುತ್ತ ಕೂತರೆ ಮೂರು ತಾಲೂಕುಗಳಲ್ಲಿ ಸೇನೆಯವರ ಮಕ್ಕಳು ಯಾವ ಯಾವ ಶಾಲೆಯಲ್ಲಿದ್ದಾರೆ ಎಂಬ ಪಟ್ಟಿ ಒಂದು ವಾರದಲ್ಲಿ ಸಿದ್ಧವಾದೀತು.

ಇಂದೇ ಯಾರಿಗಾದರೂ ಬೇಕಿದ್ದರೆ 14416 ನಂಬರಿನ ಟೆಲಿಮಾನಸ್ ಇದೆ. 2022ರ ಅಕ್ಟೋಬರಿನಿಂದ ನಡೆದಿದೆ, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಅಂಗಡಿಯವರು ಈ ಎರಡು ನಂಬರು ಬರೆದು ಗಲ್ಲದ ಮೇಲೆ ಅಂಟಿಸಿದರೆ ದಿನಕ್ಕೆ ಹತ್ತು ಜನರಾದರೂ ಓದಿಯಾರು. ಉಳಿದದ್ದು ಇಲಾಖೆಗಳ ಕೆಲಸ. ಬರುವ ವರ್ಷ ಶಾಲೆ ತೆರೆಯುವುದರೊಳಗೆ ಸಂಬಂಧಪಟ್ಟವರು ಆ ಪಟ್ಟಿಯನ್ನಾದರೂ ಮಾಡುವರೇ?