ಆಕ್ಸಲಾಟಲಿಗೆ ತಕ್ಕ ತೊಟ್ಟಿ

ಮೆಕ್ಸಿಕೋ ದೇಶದ ಸೊಚಿಮಿಲ್ಕೋ ಸರೋವರದ ತಣ್ಣೀರಿಗೆ ಸೇರಿದ ಆಕ್ಸಲಾಟಲೆಂಬ ಜಂತುವನ್ನು ಸಾಕಬೇಕೆಂದು ಮಕ್ಕಳು ಬೇಡಿದರೆ, ತಾಯಿತಂದೆಗಳು ಮೊದಲು ತೊಟ್ಟಿಯನ್ನು ಸಿದ್ಧಪಡಿಸಬೇಕೆಂಬುದು ನಮ್ಮ ವಿಜ್ಞಾಪನೆ.

ಇದು ತಳದಲ್ಲಿ ನಡೆದಾಡುವ ಪ್ರಾಣಿಯಾದ ಕಾರಣ ತೊಟ್ಟಿಯು ಆಳಕ್ಕಿಂತ ಉದ್ದಗಲದಲ್ಲಿ ಹೆಚ್ಚಿರಲಿ; 75 ಲೀಟರಿಗೆ ಕಡಮೆಯಾಗಬಾರದು. ಸಣ್ಣ ಕಲ್ಲುಗಳನ್ನು ಹಾಕಬಾರದು. ಯಾಕಂದರೆ ಆಹಾರದೊಡನೆ ಅವನ್ನೂ ನುಂಗಿ ಸಾಯುವದುಂಟು. ನಯವಾದ ಮರಳು ಸಾಕು. ಶೋಧಕದ ಪ್ರವಾಹವು ಮೆಲ್ಲಗಿರಲಿ; ಅಡಗಲು ಮಡಕೆಯೊಂದಿರಲಿ.

ಕ್ಲೋರಿನ್ ತೆಗೆದ ನೀರಿಗೆ ಸ್ವಲ್ಪ ಅಮೋನಿಯವನ್ನು ಬೆರಸಿ, ಶೋಧಕವನ್ನು ಕೆಲವು ವಾರ ನಡಿಸತಕ್ಕದ್ದು. ಆಗ ಅದರಲ್ಲಿ ಬೆಳೆಯುವ ಸೂಕ್ಷ್ಮಾಣುಗಳು ವಿಷವಾದ ಅಮೋನಿಯವನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವವು. ಇವೆರಡು ವಿಷಗಳೂ ಪೂರ್ಣವಾಗಿ ಇಳಿದ ಮೇಲೆಯೇ ಪ್ರಾಣಿಯನ್ನು ತರಬೇಕು.

ನೀರಿನ ಉಷ್ಣವು 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. 24ನ್ನು ಮೀರಿದರೆ ಅಪಾಯ. ನಮ್ಮ ಬೇಸಗೆಯಲ್ಲಿ ನೀರು ತಂಪುಮಾಡುವ ಯಂತ್ರವಿಲ್ಲದೆ ಇದಾಗದು. ಅಷ್ಟು ವೆಚ್ಚಕ್ಕೆ ಶಕ್ತಿಯಿಲ್ಲದಿದ್ದರೆ ಮಗುವಿಗೆ ಬೇಡವೆನ್ನುವದೇ ಆ ಮೂಕಪ್ರಾಣಿಗೆ ತೋರುವ ದಯೆ.