ಐವತ್ತಕ್ಕೆ ಕಲಿತ ಕಸಿ

ಪ್ರತಿ ಹುಟ್ಟುಹಬ್ಬಕ್ಕೂ ಹೊಸದೊಂದು ಕೈಕೆಲಸ ಕಲಿಯಬೇಕು ಅನ್ನೋದು ನನ್ನ ಹಠ. ಕಳೆದ ಜೂನ್‌ನಲ್ಲಿ ಐವತ್ತು ತುಂಬಿತು. ಈ ಸಲ ಕಸಿ ಕಟ್ಟುವುದನ್ನು ಕಲಿತೆ. ಕಾರಣ, ಹೊಳೆಯಂಚಿನ ನಮ್ಮ ಅಪ್ಪೆಮಿಡಿ ಮರ. ಬುಡದ ಮಣ್ಣು ಕೊಚ್ಚಿಹೋಗಿ ವಾಲಿತ್ತು. ಗೊರಟೆ ಹಾಕಿದರೆ ಅದೇ ಪರಿಮಳ ಬರುವ ಖಾತರಿಯಿಲ್ಲ, ಕಸಿಯೇ ದಾರಿ.

"ಕೈ ಕುಯ್ಕೊಂಡೀರಿ, ಜೋಪಾನ" ಅಂದಳು ಹೆಂಡತಿ.

ಪಕ್ಕದೂರಿನ ನರ್ಸರಿಯವರು ಹೇಳಿಕೊಟ್ಟ ಕ್ರಮ ಇದು:

• 3–4 ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕುಡಿ ಆರಿಸಿ. ಕೊಯ್ಯುವ 7–10 ದಿನ ಮೊದಲೇ ತೊಟ್ಟು ಉಳಿಸಿ ಎಲೆ ಕತ್ತರಿಸಿ; ಮೊಗ್ಗು ಉಬ್ಬುತ್ತದೆ.
• ಅಷ್ಟೇ ದಪ್ಪದ ಮಾವಿನ ಸಸಿಯ ತಲೆ ಕತ್ತರಿಸಿ, ನಡುವೆ 4–5 ಸೆಂ.ಮೀ. ಸೀಳಿ.
• ಕುಡಿಯ ಬುಡವನ್ನು ಬೆಣೆಯಂತೆ ಕೆತ್ತಿ, ಸಿಪ್ಪೆಗೆ ಸಿಪ್ಪೆ ಕೂಡುವಂತೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ.
• ಕುಡಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ ನೆರಳಲ್ಲಿಡಿ. ಚಿಗುರಿದ ಮೇಲೆ ತೆಗೆಯಿರಿ. ಕಸಿಯ ಕೆಳಗೆ ಬರುವ ಚಿಗುರು ಚಿವುಟುತ್ತಿರಿ.

ಮೊದಲು ಕಟ್ಟಿದ 12 ಕಸಿಯೂ ಒಣಗಿದವು. ಚಾಕು ಮೊಂಡಾಗಿತ್ತು, ಕೆತ್ತಿದ ಮೈ ಸಮವಿರಲಿಲ್ಲ. ಮೇಲಿಂದ ದಿನಾ ಟೊಪ್ಪಿ ತೆಗೆದು ನೋಡೋ ಚಟ ಬೇರೆ! ಜುಲೈನಲ್ಲಿ ಹರಿತ ಚಾಕು ಹಿಡಿದು, ಒಂದೇ ಎಳೆತಕ್ಕೆ ಕೆತ್ತಿ 20 ಕಟ್ಟಿದೆ. ಮೂರು ವಾರದಲ್ಲಿ ಏಳು ಚಿಗುರಿದವು.

ಆಗಸ್ಟ್ ಮಳೆಗೆ ಮರ ಹೊಳೆಗೆ ಬಿತ್ತು. ಏಳು ಗಿಡದಲ್ಲಿ ಎರಡನ್ನು ನೆರೆಮನೆಗೆ ಕೊಟ್ಟಿದ್ದೇನೆ. ಒಂದೇ ಕಡೆ ಇದ್ದರೆ ಮತ್ತೆ ಅದೇ ಕತೆ.

ನಿಮ್ಮಲ್ಲೂ ಇಂಥ ಮರ ಇದ್ದರೆ, ಅದು ನಿಂತಿರುವಾಗಲೇ ಕುಡಿ ತನ್ನಿ.